ರಿಯಾಯಿತಿ ಅಂಗಡಿಯಿಂದ ತಿಂಗಳ ದಿನಸಿ: ಸೆಲ್ಫ್ ಚೆಕ್‌ಔಟ್ ನನಗೆ ಉಳಿಸಿದ್ದು

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಮ್ಮದು ನಾಲ್ವರ ಸಸ್ಯಾಹಾರಿ ಸಂಸಾರ. ತಿಂಗಳ ದಿನಸಿ, ತರಕಾರಿಗೆ ಸುಮಾರು 420 ಪೌಂಡ್ ಹೋಗುತ್ತಿದ್ದದ್ದು ಈಗ 240ರ ಆಸುಪಾಸಿನಲ್ಲಿ ನಿಂತಿದೆ. ಹಬ್ಬ ಬಂದ ತಿಂಗಳು ಇನ್ನೊಂದು ಮೂವತ್ತು ಸೇರಿಸಿಕೊಳ್ಳಿ. ಆಲ್ಡಿ, ಲಿಡ್ಲ್ ಎಂಬ ಕಡಿಮೆ ಬೆಲೆಯ ರಿಯಾಯಿತಿ ಅಂಗಡಿಗಳ ಸಾಮಾನಿನಲ್ಲೇ ಅಡುಗೆ ನಡೆಸುತ್ತೇನೆ ಎಂದಾಗ, "ಅಕ್ಕ, ಅಲ್ಲಿ ಕೋಸು, ಕ್ಯಾರೆಟ್ ಬಿಟ್ಟರೆ ನಮಗೆ ಬೇಕಾದ್ದು ಏನು ಸಿಗುತ್ತದೆ?" ಎಂದು ಕೇಳಿದವರೇ ಹೆಚ್ಚು. ಯುಗಾದಿಗೆ ಅವರನ್ನೇ ಊಟಕ್ಕೆ ಕರೆದೆ. ಹುಳಿ, ಎರಡು ಪಲ್ಯ, ಪಾಯಸ ಉಂಡೆದ್ದ ಮೇಲೆ ರಸೀದಿಗಳನ್ನು ಮುಂದಿಟ್ಟೆ. ಅವರಲ್ಲಿ ಕೆಲವರು ಈಗ ಇದೇ ಕ್ರಮ ಹಿಡಿದಿದ್ದಾರೆ.

ಇದು ಸುಲಭಕ್ಕೆ ಕೈಗೂಡಲಿಲ್ಲ. ಮೊದಲು ದೊಡ್ಡ ಸೂಪರ್‌ಮಾರ್ಕೆಟ್ ಒಂದರಿಂದ ಮನೆಗೆ ತರಿಸಿ ನೋಡಿದೆ. ಕನಿಷ್ಠ ಮೊತ್ತ ತುಂಬಿಸಲು ಬೇಡದ್ದನ್ನೂ ಕೊಳ್ಳಬೇಕಾಯಿತು; ಕೇಳಿದ್ದು ಇಲ್ಲದಿದ್ದರೆ ಬದಲಿಗೆ ಇನ್ನೇನೋ ಬರುತ್ತಿತ್ತು. ಆಮೇಲೆ ವಾರಕ್ಕಿಷ್ಟು ಎಂದು ಲಕೋಟೆಯಲ್ಲಿ ನಗದು ಇಟ್ಟುಕೊಂಡು ರಿಯಾಯಿತಿ ಅಂಗಡಿಗೆ ಹೋದೆ. ಅಲ್ಲಿನ ಕ್ಯಾಷಿಯರ್‌ಗಳ ವೇಗ ನಿಮಗೆ ಗೊತ್ತೇ ಇದೆ. ಹೇಗೆ ಹಿಡಿದರೂ ಓದಲಿ ಎಂದೇ ಪೊಟ್ಟಣಗಳ ಮೇಲೆ ಅಷ್ಟುದ್ದದ ಬಾರ್‌ಕೋಡ್ ಅಚ್ಚಾಗಿರುತ್ತದೆ. ಸಾಮಾನನ್ನು ಟ್ರಾಲಿಗೆ ತುಂಬುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಯಾವುದಕ್ಕೆ ಎಷ್ಟು ಹೋಯಿತು ಎಂಬುದು ತಿಳಿಯುವುದು ಮನೆಗೆ ಬಂದ ಮೇಲೆ.

ಸೆಲ್ಫ್ ಚೆಕ್‌ಔಟ್, ಅಂದರೆ ನಾವೇ ಸಾಮಾನು ಸ್ಕ್ಯಾನ್ ಮಾಡಿ ಹಣ ಕೊಡುವ ಯಂತ್ರ, ಬಂದದ್ದೇ ನನ್ನ ದಾರಿ ತೆರೆಯಿತು. ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ ಎಂದು ಜನ ಅದನ್ನು ಮೆಚ್ಚುತ್ತಾರೆ. ನನಗೆ ಮುಖ್ಯವಾದದ್ದು, ಒಂದೊಂದು ವಸ್ತುವಿಗೂ ಬೆಲೆ ಮತ್ತು ಒಟ್ಟು ಮೊತ್ತ ಕಣ್ಣೆದುರಿಗೆ ಬರುವುದು. ವಾರದ ಮಿತಿ ಐವತ್ತಕ್ಕಿಂತ ಸ್ವಲ್ಪ ಕಡಿಮೆ. ಸ್ಕ್ಯಾನ್ ಮಾಡುವ ಕ್ರಮವನ್ನು ಅದಕ್ಕೇ ಕಟ್ಟಿಕೊಂಡೆ. ಮೊದಲು ಅವಧಿ ಮುಗಿಯುತ್ತ ಬಂದು ಬೆಲೆ ಇಳಿಸಿದ ಚೀಟಿ ಅಂಟಿಸಿದ ಸಾಮಾನು, ನಂತರ ತೂಗುವ ತರಕಾರಿ, ಆಮೇಲೆ ಹಾಲು, ಹಿಟ್ಟು, ಎಣ್ಣೆ. ಕಟ್ಟಕಡೆಗೆ ಮಕ್ಕಳ ಬಿಸ್ಕತ್ತು, ಚಿಪ್ಸ್, ಜ್ಯೂಸ್. ಮೊತ್ತ ಮಿತಿಗೆ ಬಂದೊಡನೆ ಅಲ್ಲಿಗೆ ನಿಲ್ಲಿಸುತ್ತೇನೆ, ಉಳಿದದ್ದು ಕಪಾಟಿಗೆ ಮರಳುತ್ತದೆ. ಪಟ್ಟಿ ಬರೆದು, ಮನಸ್ಸು ಗಟ್ಟಿಮಾಡಿಕೊಂಡು ಸಾಧಿಸಲಾಗದ್ದನ್ನು ಈ ಕ್ರಮವೊಂದೇ ಸಾಧಿಸಿತು.

ಇಳಿಸಿದ ಬೆಲೆಯ ಚೀಟಿಯಲ್ಲಿ ಹೊಸ ಬಾರ್‌ಕೋಡ್ ಇರುತ್ತದೆ. ಹಳೆಯದು ಅದರ ಪಕ್ಕದಲ್ಲೇ ಬಿಟ್ಟುಹೋಗಿದ್ದರೆ ಯಂತ್ರ ಅದನ್ನೇ ಓದಿ ಪೂರ್ತಿ ಬೆಲೆ ಹಾಕಬಹುದು. ಹೆಬ್ಬೆರಳಿನಿಂದ ಹಳೆಯದನ್ನು ಮುಚ್ಚಿಯೇ ಹಿಡಿಯುತ್ತೇನೆ. ಒಂದು ಅಂಗಡಿಯಲ್ಲಿ ಪನೀರ್, ಮೊಸರು, ಬ್ರೆಡ್ ಮೇಲೆ ಹೀಗೆ ಹತ್ತು ಪೌಂಡ್‌ಗೂ ಹೆಚ್ಚು ಕಳೆದುಹೋದದ್ದು ರಸೀದಿಗಳನ್ನು ಕೂಡಿಟ್ಟು ನೋಡಿದಾಗ ಕಂಡಿತು. ಸಿಬ್ಬಂದಿಗೆ ತೋರಿಸಿ ಕಡೆಯ ವಾರದ್ದನ್ನಷ್ಟೇ ವಾಪಸ್ ಪಡೆದೆ. ಅಂದಿನಿಂದ ಹಣ ಕೊಡುವ ಮುನ್ನ ಪರದೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿಯೇ ತೀರುತ್ತೇನೆ. ಹಿಂದೆ ಯಾರು ಕಾಯುತ್ತಿದ್ದರೂ ಸರಿ. ಅಡುಗೆಯ ಚಾಕು, ವೈನ್ ಇದ್ದರೆ ವಯಸ್ಸು ನೋಡಲು ಯಂತ್ರ ಸಿಬ್ಬಂದಿಯನ್ನು ಕರೆಯುತ್ತದೆ. ಅಂಥವನ್ನು ಬೇರೆಯಾಗಿ ಕ್ಯಾಷಿಯರ್ ಬಳಿ ಕೊಳ್ಳುವುದು ಮೇಲು.

ಬೆಲೆ ಇಳಿಸುವ ಹೊತ್ತು ಅಂಗಡಿಯಿಂದ ಅಂಗಡಿಗೆ ಬೇರೆ. ನನ್ನ ಅಂಗಡಿಯ ಹೊತ್ತನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ನನಗೇ ಏನೂ ಉಳಿಯುವುದಿಲ್ಲ. ಒಂದು ಸುಳಿವು ಮಾತ್ರ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಈಸ್ಟರ್ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ತೆರೆಯುವಂತೆಯೇ ಇಲ್ಲ. ಬಾಗಿಲು ಹಾಕುವ ಮುನ್ನ ಅವರಿಗೆ ತಾಜಾ ಮಾಲು ಖಾಲಿಯಾಗಬೇಕು.

ಆ ಎರಡು ಹಬ್ಬಗಳ ಹಿಂದಿನ ವಾರ ಕ್ಯಾರೆಟ್, ಆಲೂಗಡ್ಡೆ, ಕೋಸು, ಸ್ವೀಡ್ ಗೆಡ್ಡೆ, ಬ್ರಸೆಲ್ಸ್ ಸ್ಪ್ರೌಟ್ಸ್ ಎಂಬ ಪುಟ್ಟ ಕೋಸು, ಇವುಗಳ ಬೆಲೆಯಲ್ಲಿ ಅಂಗಡಿಗಳ ನಡುವೆ ಪೈಪೋಟಿ ನಡೆಯುತ್ತದೆ. ಹದಿನೈದಿಪ್ಪತ್ತು ಪೆನ್ಸ್‌ಗೆ ಒಂದು ಚೀಲ ಸಿಕ್ಕಿದ್ದುಂಟು. ಆಗ ನನ್ನ ಪ್ರಯೋಗಗಳೂ ಏರುತ್ತವೆ. ಸ್ವೀಡ್ ಗೆಡ್ಡೆಯನ್ನು ನವಿಲುಕೋಸಿನ ಜಾಗಕ್ಕೆ ಹಾಕಿ ಹುಳಿ ಮಾಡಿದೆ, ಚೆನ್ನಾಗಿ ಒಗ್ಗಿತು. ಸ್ಪ್ರೌಟ್ಸ್ ಪಲ್ಯಕ್ಕೆ ಸಾಸಿವೆ, ಇಂಗು ಒಂದು ಪಾಲು ಹೆಚ್ಚು ಬೇಕು. ಕ್ಯಾರೆಟ್‌ನಂಥ ಬಿಳಿ ಗೆಡ್ಡೆ ಪಾರ್ಸ್ನಿಪ್ ಮಾತ್ರ ಹುಳಿಗೆ ಆಗದು. ಅದರ ಸಿಹಿಯನ್ನು ಹುಣಸೆಹಣ್ಣೂ ಅಡಗಿಸಲಿಲ್ಲ. ತೊಗರಿಬೇಳೆಯ ಬದಲು ಅಲ್ಲಿನ ಮಸೂರಬೇಳೆಯಲ್ಲಿ ಸಾರು ಮಾಡಿದರೆ ತಿಳಿ ನಿಲ್ಲದೆ ಗಂಜಿಯಾಗುತ್ತದೆ. ಆದರೆ ಅದೇ ಬೇಳೆಯನ್ನು ಅಕ್ಕಿಯೊಂದಿಗೆ ನೆನೆಸಿ ರುಬ್ಬಿದ ದೋಸೆ ಗರಿಗರಿಯಾಗಿ ಏಳುತ್ತದೆ.

ತುಪ್ಪವನ್ನು ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಉಪ್ಪಿಲ್ಲದ 250 ಗ್ರಾಂ ಬೆಣ್ಣೆ ಕಾಯಿಸಿದರೆ ಇನ್ನೂರು ಗ್ರಾಮಿನಷ್ಟು ತುಪ್ಪ ಬರುತ್ತದೆ. ಕಾಯಿಸುವಾಗ ನಾನು ಹಾಕುವ ಒಂದು ಎಲೆಯ ಹೆಸರು ನಮ್ಮ ಮನೆಯಲ್ಲೇ ಇರಲಿ.

ಪಾಯಸದ ಸಾಮಾನಿನಲ್ಲಿ ತೆರಿಗೆಯನ್ನೂ ನೋಡಿ. ಹುರಿದು ಉಪ್ಪು ಹಚ್ಚಿದ ಗೋಡಂಬಿಗೆ ಶೇ 20 ವ್ಯಾಟ್, ಹಸಿ ಗೋಡಂಬಿಗೆ ಶೂನ್ಯ. ಸಿಹಿ ಬೆರೆಸಿ ತಿನಿಸಾಗಿ ಮಾರುವ ಒಣಹಣ್ಣಿಗೆ ವ್ಯಾಟ್ ಉಂಟು, ಏನೂ ಬೆರೆಸದ ಬರೀ ಒಣದ್ರಾಕ್ಷಿಗೆ ಇಲ್ಲ. ಕಪಾಟಿನ ಚೀಟಿಯಲ್ಲಿ ಸಣ್ಣಗೆ ಬರೆದಿರುವ ಕಿಲೋ ಬೆಲೆಯನ್ನೇ ಹೋಲಿಸಿ. ಒಂದರಲ್ಲಿ ಕಿಲೋಗೆ, ಪಕ್ಕದ್ದರಲ್ಲಿ ನೂರು ಗ್ರಾಮಿಗೆ ಎಂದಿದ್ದರೆ ಹತ್ತರಿಂದ ಗುಣಿಸಿಕೊಳ್ಳಿ.

ತೊಗರಿಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಫ್ರೀಜ್ ಮಾಡಿದ ತೆಂಗಿನತುರಿ, ಇಷ್ಟಕ್ಕೆ ಭಾರತೀಯ ಅಂಗಡಿಯೇ ಬೇಕು. ಒಣ ಕೊಬ್ಬರಿಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಚಟ್ನಿ ಮಾಡಿ ನೋಡಿದ್ದೇನೆ, ಹೊಟ್ಟು ತಿಂದ ಹಾಗಿತ್ತು. ಮೂರು ತಿಂಗಳಿಗೊಮ್ಮೆ ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಗೆ ಹೋಗಿ ನೂರು, ನೂರಹತ್ತು ಪೌಂಡಿನ ಸಾಮಾನು ತರುತ್ತೇನೆ. ಮೇಲಿನ 240ರಲ್ಲಿ ಅದರ ತಿಂಗಳ ಪಾಲು ಸೇರಿದೆ, ಪೆಟ್ರೋಲ್ ಸೇರಿಲ್ಲ. ಈಗ ಒಂದು ಪೆಟ್ಟಿಗೆ ಫ್ರೀಜರ್ ಕೊಂಡರೆ ಹಬ್ಬದ ವಾರದ ಕ್ಯಾರೆಟ್, ಕೋಸನ್ನು ಹೆಚ್ಚಿ ಇಟ್ಟುಕೊಳ್ಳಬಹುದು. ಅದರ ಬೆಲೆ, ವಿದ್ಯುತ್ ಖರ್ಚು ಎಷ್ಟು ತಿಂಗಳಲ್ಲಿ ಗಿಟ್ಟುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ.