ಕಾರ್ಸನ್ ಸಿಟಿಯ ಐದು ಡಾಲರ್: ಸವೆದ ನಾಣ್ಯಗಳಲ್ಲೇ ಸೆಟ್ ಮುಗಿಸಿದ ನನ್ನ ಅನುಭವ

ಅಮೆರಿಕದ ನೆವಾಡದ ಕಾರ್ಸನ್ ಸಿಟಿ ಟಂಕಸಾಲೆಯ ಐದು ಡಾಲರ್ ಚಿನ್ನದ ನಾಣ್ಯಗಳ ಸೆಟ್ಟನ್ನು, ಹೊಡೆದ ಪ್ರತಿ ವರ್ಷಕ್ಕೆ ಒಂದರಂತೆ, ಸವೆದ ನಾಣ್ಯಗಳಲ್ಲೇ ಕಟ್ಟುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಇಪ್ಪತ್ತು ಡಾಲರಿನದು ತಗೊಳ್ಳಿ, ಹತ್ತಿರ ಹತ್ತಿರ ಒಂದು ಔನ್ಸ್ ಚಿನ್ನ ಇರುತ್ತೆ, ಏನೇ ಆದ್ರೂ ಕರಗಿಸೋ ಬೆಲೆಗೆ ಮೋಸ ಇಲ್ಲ" ಅಂತ ಒಬ್ಬರು. "ಮಿಂಟ್ ಸ್ಟೇಟ್ ಆದ್ರೆ ತಗೊಳ್ಳಿ, ಇಲ್ಲಾಂದ್ರೆ ಸುಮ್ನಿರಿ" ಅಂತ ಇನ್ನೊಬ್ಬರು. (ಮಿಂಟ್ ಸ್ಟೇಟ್ ಅಂದರೆ ಬಳಕೆಗೇ ಬಾರದೆ ಸವೆಯದೆ ಉಳಿದದ್ದು.) ಈಗ 1870ರಿಂದ 1893ರವರೆಗಿನ 19 ನಾಣ್ಯಗಳೂ ಬ್ಯಾಂಕ್ ಲಾಕರಿನಲ್ಲಿ ಕೂತಿವೆ. ಕೊನೆಯದು ಸಿಕ್ಕಿದ ಮೇಲೆ ಆ ಇಬ್ಬರಿಗೂ ಫೋಟೊ ಕಳಿಸಿದೆ. ಒಬ್ಬರು ಹೆಬ್ಬೆಟ್ಟಿನ ಚಿತ್ರ ಹಾಕಿದರು, ಇನ್ನೊಬ್ಬರು ಏನೂ ಹೇಳಲಿಲ್ಲ.

ಇಪ್ಪತ್ತು ಡಾಲರಿನ ದಾರಿ ನಾನು ಹಿಡಿಯದೇ ಇದ್ದದ್ದಕ್ಕೆ ಕಾರಣ ಒಂದೇ ನಾಣ್ಯ. 1870ರ ಇಪ್ಪತ್ತು ಡಾಲರ್ ಹೊಡೆದದ್ದೇ 3,789. ಎಷ್ಟು ಹಾಳಾಗಿದ್ದರೂ ಬೆಲೆ ಲಕ್ಷ ಡಾಲರ್ ದಾಟುತ್ತದೆ. ಉಳಿದ 18 ವರ್ಷ ಕೂಡಿಸಿಕೊಂಡು ಆ ಒಂದು ಜಾಗ ಜೀವನಪೂರ್ತಿ ಖಾಲಿ ಇಟ್ಟುಕೊಂಡು ಕೂರುವುದು ನನಗೆ ಆಗದ ಮಾತು. ಐದು ಡಾಲರಿನಲ್ಲಿ ಅದೇ 1870ಕ್ಕೆ 7,675 ಹೊಡೆದಿದ್ದಾರೆ. ಅದೂ ಅಪರೂಪವೇ, ಆದರೆ ಸಂಬಳದವನು ಕಷ್ಟಪಟ್ಟರೆ ಕೈಗೆ ಎಟಕುತ್ತದೆ.

ಇನ್ನು ಸವೆದದ್ದೇ ಯಾಕೆ? ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳ ಕಾಲದಲ್ಲಿ ನೆವಾಡದ ಜನ ಕಾಗದದ ದುಡ್ಡನ್ನು ನಂಬುತ್ತಿರಲಿಲ್ಲ. ಕೂಲಿ, ದಿನಸಿ, ಸಾರಾಯಿ, ಜೂಜು ಎಲ್ಲ ಲೋಹದಲ್ಲೇ. ಇಪ್ಪತ್ತು ಡಾಲರಿನದು ಬ್ಯಾಂಕಿನ ಚೀಲಕ್ಕೆ ಹೋಯಿತು, ಯುರೋಪಿಗೂ ಹೋಯಿತು, ಅಲ್ಲಿಂದ ಎಷ್ಟೋ ವರ್ಷ ಬಿಟ್ಟು ಹೊಳೆಯುತ್ತಾ ವಾಪಸ್ ಬಂತು. ಐದು ಡಾಲರಿನದು ಜೇಬಿನಲ್ಲೇ ಸುತ್ತಿತು. ತೆಗೆದಿಡುವವರು ಆಗ ಆ ಊರಲ್ಲಿ ಯಾರೂ ಇರಲಿಲ್ಲ. ಹಾಗಾಗಿ 1870ರ ದಶಕದ ಐದು ಡಾಲರ್ ಮಿಂಟ್ ಸ್ಟೇಟಿನಲ್ಲಿ ಹುಡುಕುವುದು ಅಂದರೆ ಇಲ್ಲದ್ದನ್ನು ಹುಡುಕಿದ ಹಾಗೆ, ಸಿಕ್ಕರೂ ನಮ್ಮ ಬಜೆಟ್ಟಿನದಲ್ಲ. ವಿಎಫ್‌ನಿಂದ ಇಎಫ್‌ವರೆಗೆ (ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅಂದರೆ ಸವೆದರೂ ವಿವರ ಉಳಿದಿರುವ ದರ್ಜೆಗಳು) ಈ ನಾಣ್ಯಕ್ಕೆ ಸಹಜವಾದ ಸ್ಥಿತಿ. ನಾನು ಅಲ್ಲೇ ನಿಂತೆ.

ದುಡ್ಡಿನ ವಿಷಯ. ನಾನಿರುವುದು ಸ್ಯಾಕ್ರಮೆಂಟೊ. ಮೊದಲ ಬಂಡವಾಳ ಬಂದದ್ದು ಬೆಳ್ಳಿಯಿಂದ. 1970ರ ದಶಕದಲ್ಲಿ ಸರ್ಕಾರವೇ ತನ್ನ ಹತ್ತಿರ ಉಳಿದಿದ್ದ ಸಿಸಿ (ಕಾರ್ಸನ್ ಸಿಟಿಯ ಗುರುತು) ಬೆಳ್ಳಿ ಡಾಲರುಗಳನ್ನು ಪೆಟ್ಟಿಗೆ ಸಮೇತ ಮಾರಿತ್ತಲ್ಲ, ಜಿಎಸ್‌ಎ ಅನ್ನುವ ಸರ್ಕಾರಿ ಇಲಾಖೆಯ ಆ ಪೆಟ್ಟಿಗೆಗಳು. 1882, 83, 84, ಈ ಮೂರು ವರ್ಷದ್ದು ಧಾರಾಳವಾಗಿ ಸಿಗುತ್ತವೆ. ಒಂದೊಂದು 180 ಡಾಲರಿನ ಆಸುಪಾಸಿನಲ್ಲಿ ಒಂದಷ್ಟು ಕೊಂಡಿದ್ದೆ, ಬೆಲೆ 300 ದಾಟಿದಾಗ ಎಲ್ಲ ಕೊಟ್ಟೆ. ಅದರಲ್ಲಿ 1890ರಿಂದ 93ರವರೆಗಿನ ನಾಲ್ಕು ಐದು ಡಾಲರ್ ಬಂದವು, ಒಂದೊಂದು ಒಂಬೈನೂರರ ಒಳಗೆ. 1891ರದ್ದು ಎರಡು ಲಕ್ಷಕ್ಕೂ ಮೇಲೆ ಹೊಡೆದಿದ್ದಾರೆ, ಅದನ್ನು ಅಪರೂಪ ಅಂತ ಯಾರಾದರೂ ಮಾರಲು ಬಂದರೆ ಎದ್ದು ಹೋಗಿ. 1882 ಮತ್ತು 1880 ಆಗ ಸಾವಿರದ ಆಚೀಚೆ ಬಿದ್ದವು. ಅಲ್ಲಿಂದ ಮುಂದೆ ಮೆಟ್ಟಿಲು ಕಡಿದಾಯಿತು. ನಡುವಿನ ವರ್ಷಗಳು ಎರಡರಿಂದ ನಾಲ್ಕು ಸಾವಿರ ಆದವು. 1873 ಆರು ಸಾವಿರ ಚಿಲ್ಲರೆ, 1878 ಅದಕ್ಕಿಂತ ಜಾಸ್ತಿ. 1870 ಒಂದಕ್ಕೇ ಇಪ್ಪತ್ತು ಸಾವಿರದ ಹತ್ತಿರ ಆಯಿತು. ಒಟ್ಟು ಎಪ್ಪತ್ತು ಸಾವಿರ ಅಂದುಕೊಳ್ಳಿ. ಪಕ್ಕಾ ಲೆಕ್ಕ ಒಂದು ಎಕ್ಸೆಲ್ ಶೀಟಿನಲ್ಲಿದೆ, ಅದನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಒಂದು ಮಾತು. ಒಂದೇ ಬಿಲ್ಲಿನಲ್ಲಿ 2,000 ಡಾಲರ್ ದಾಟಿದರೆ ನಾಣ್ಯಕ್ಕೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಮೊದಲು ಈ ಗಡಿ 1,500 ಇತ್ತು. ಅದಕ್ಕೇ ಸಾವಿರದ ನಾಣ್ಯ ಬಿಡಿಯಾಗಿ ಕೊಳ್ಳುವುದಕ್ಕಿಂತ ಒಬ್ಬರ ಹತ್ತಿರವೇ ಜೋಡಿ ಮಾಡಿ ಕೊಳ್ಳುವುದು ಲಾಭ. ನಾನು ಕೊಳ್ಳುತ್ತಿದ್ದಾಗ ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಶೇಕಡಾ 20ರಷ್ಟು ಅವರ ಕಮಿಷನ್ ಬೀಳುತ್ತಿತ್ತು. ನಾನು ಮೊದಲು ಒಟ್ಟು ಮೊತ್ತ ಬರೆದುಕೊಂಡು ಹಿಂದಕ್ಕೆ ಲೆಕ್ಕ ಹಾಕಿ ಅಲ್ಲಿಗೇ ಕೈ ಕಟ್ಟುತ್ತಿದ್ದೆ. ಇದರಿಂದ ಕೈತಪ್ಪಿದವು ಬೇಕಾದಷ್ಟು, 1876ರದ್ದಂತೂ ಪದೇ ಪದೇ ತಪ್ಪಿತು.

ದುಡ್ಡು ಹೋದ ಕಥೆಗಳೂ ಇವೆ. ಒಂದು ಎಸ್ಟೇಟ್ ಮಾರಾಟದಲ್ಲಿ 1875ರದ್ದು ಹೋಲ್ಡರ್ (ಗ್ರೇಡಿಂಗ್ ಕಂಪನಿಯವರು ನಾಣ್ಯ ಪರೀಕ್ಷಿಸಿ, ದರ್ಜೆ ಬರೆದು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ) ಇಲ್ಲದೆ ಬಂತು. 2,600 ಕೊಟ್ಟೆ. ಗ್ರೇಡಿಂಗಿಗೆ ಕಳಿಸಿದರೆ "ಕ್ಲೀನ್ಡ್, ಡೀಟೇಲ್ಸ್" ಅಂತ ಬಂತು, ಅಂದರೆ ತೊಳೆದದ್ದು, ಪೂರ್ಣ ಗ್ರೇಡ್ ಇಲ್ಲ. ಮಾರಿದಾಗ ಹೋಗಿದ್ದು 1,700ಕ್ಕೆ, ಗ್ರೇಡಿಂಗ್ ಫೀಸು, ಅಂಚೆ, ವಿಮೆ ಬೇರೆ. ಆಮೇಲೆ ಒಂದು ಕಂಪನಿಯ ಹೋಲ್ಡರಿನಿಂದ ಇನ್ನೊಂದಕ್ಕೆ ದಾಟಿಸುವ ಹುಚ್ಚು. ನಾಲ್ಕಾರು ನಾಣ್ಯ ಕಳಿಸಿ, ತಿಂಗಳುಗಟ್ಟಲೆ ಕಾದು, ಅದೇ ಗ್ರೇಡಿನಲ್ಲಿ ವಾಪಸ್ ಬಂದು, ಫೀಸು ಮಾತ್ರ ಅವರ ಜೇಬಿಗೆ. ಆ ದುಡ್ಡಿಗೆ 1893ರದ್ದು ಒಂದು ಬರುತ್ತಿತ್ತು!

ಈಗ ನನ್ನ ವಿಧಾನ. ಮೊದಲ ದಶಕದ ಸಿಸಿ ಐದು ಡಾಲರುಗಳಲ್ಲಿ ಎಷ್ಟೋ ಅಚ್ಚೇ ಸರಿಯಾಗಿ ಬಿದ್ದಿಲ್ಲ. ಕಿವಿಯ ಸುತ್ತಲಿನ ಕೂದಲು, ಹದ್ದಿನ ಕತ್ತಿನ ಗರಿ, ಎರಡೂ ಮೊದಲೇ ಚಪ್ಪಟೆ. ಉಬ್ಬಿದ ಜಾಗ ಮಾತ್ರ ನೋಡಿ ಗ್ರೇಡ್ ಹಾಕಿದವರು ಇದನ್ನು ಸವೆತ ಅಂದುಕೊಂಡಿರುತ್ತಾರೆ. ನಾನು ಆ ಕಡೆ ನೋಡುವುದೇ ಇಲ್ಲ. ನಕ್ಷತ್ರಗಳ ಸಂದಿಯಲ್ಲಿ, ಇಸವಿಯ ಅಂಕಿಗಳ ಒಳಗೆ, ಗುರಾಣಿಯ ಗೆರೆಗಳ ನಡುವೆ ಹಳೆಯ ಮಿರುಗು ಉಳಿದಿದೆಯಾ ಅಂತ ನೋಡುತ್ತೇನೆ. ಕೋಣೆಯ ದೀಪ ಆರಿಸಿ ಒಂದೇ ಟೇಬಲ್ ಲ್ಯಾಂಪಿನ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ತೊಳೆದಿದ್ದರೆ ನಾಣ್ಯದ ಖಾಲಿ ಬಯಲಿನ ಮೇಲೆ ಕೂದಲೆಳೆ ಗೀರುಗಳು ಒಟ್ಟಿಗೇ ಮಿಂಚುತ್ತವೆ, ಬಣ್ಣ ಎಲ್ಲ ಕಡೆ ಒಂದೇ ಹಳದಿ. ತೊಳೆಯದ್ದಕ್ಕೆ ಹತ್ತು ಪರ್ಸೆಂಟ್ ತಾಮ್ರದ ಕೆಂಪು ಛಾಯೆ ಇರುತ್ತದೆ, ಅಕ್ಷರಗಳ ಬುಡದಲ್ಲಿ ಕಪ್ಪು ಕೊಳೆ ಕೂತಿರುತ್ತದೆ. ಆ ಕೊಳೆ ಇದ್ದರೆ ಗ್ರೇಡ್ ಒಂದು ಮೆಟ್ಟಿಲು ಕಡಿಮೆಯಾದರೂ ನನಗೆ ಪರವಾಗಿಲ್ಲ. ಕೊನೆಗೂ ಸಿಕ್ಕಿದ ನನ್ನ 1876 ಹೀಗೇ ಹಳೇ ಹೋಲ್ಡರಿನಲ್ಲಿ ವಿಎಫ್ 30 ಅಂತ ಇತ್ತು, 4,200ಕ್ಕೆ ಬಂತು. ಮತ್ತೆ ಗ್ರೇಡ್ ಮಾಡಿಸಿದಾಗ ಇಎಫ್ 40. ಅದಕ್ಕೆ ಆರು ಸಾವಿರದ ಮೇಲೆ ಕೇಳಿದವರಿದ್ದಾರೆ, ಕೊಡಲಿಲ್ಲ.

1873 ಮತ್ತು 1878ರಲ್ಲಿ ಹಿಂಬದಿಯ ಒಂದು ಜಾಗ ಮೊದಲು ನೋಡುತ್ತೇನೆ. ಅದು ಯಾವುದು ಅಂತ ಹೇಳುವುದಿಲ್ಲ, ಸೆಟ್ ಮುಗಿದಿದ್ದರೂ ಇನ್ನೂ ಕೊಳ್ಳುವುದಿದೆ.

ನಮ್ಮ ಕಡೆಯವರಿಗೆ ಬೇಗ ಕಣ್ಣಿಗೆ ಬೀಳುವ ದೋಷ ಒಂದಿದೆ. ನಮ್ಮಲ್ಲಿ ಪವನಿಗೆ ಕೊಂಡಿ ಹಾಕಿಸಿ ಕಾಸಿನ ಸರ ಮಾಡಿಸುತ್ತಾರಲ್ಲ, ಇಲ್ಲಿಯೂ ಆ ಕಾಲದಲ್ಲಿ ವಾಚಿನ ಸರಪಳಿಗೆ, ಬ್ರೂಚಿಗೆ ಈ ನಾಣ್ಯಗಳನ್ನು ಬೆಸೆದಿದ್ದಾರೆ. ಆಮೇಲೆ ಕಿತ್ತು ಅಂಚು ತಿದ್ದಿ ಮಾರಿದ್ದಾರೆ. ನಾನು ಅಜ್ಜಿಯ ಕಾಸಿನ ಸರ ಹಿಡಿದು ಆಡಿ ಬೆಳೆದವನು. ನಾಣ್ಯದ ನೆತ್ತಿಯ ಹತ್ತಿರ ಅಂಚಿನ ಹಲ್ಲುಗಳು ಮಂಕಾಗಿ, ಅಲ್ಲಿ ಮಾತ್ರ ಬಣ್ಣ ಒಂಚೂರು ಬಿಳಿಚಿದ್ದರೆ ಬೆಸುಗೆ ಅಂತಲೇ ಲೆಕ್ಕ. ಒಮ್ಮೆ ಒಂದು ಶೋನಲ್ಲಿ 1881ರದ್ದನ್ನು ಹೀಗೆ ಹಿಡಿದು ತೋರಿಸಿದಾಗ ಮೇಜಿನ ಆಚೆಯವರು ತಾವೇ ಭೂತಗನ್ನಡಿ ತೆಗೆದುಕೊಂಡು ನೋಡಿ, ಮಾತಿಲ್ಲದೆ ಒಳಗಿಟ್ಟರು. ಅಂದಹಾಗೆ ಅಮ್ಮನಿಗೆ ಈ ನಾಣ್ಯ 900 ಟಚ್ ಅಂತ ಹೇಳಿದ್ದೇ ತಪ್ಪಾಯಿತು. "916 ಕೂಡ ಅಲ್ವಲ್ಲೋ, ಅದಕ್ಕೆ ನಾಲ್ಕು ಪಟ್ಟು ಕೊಟ್ಯಾ? ಅದ್ರಲ್ಲಿ ಬಳೆ ಬರ್ತಿತ್ತಲ್ಲೋ" ಅಂತ ಪ್ರತಿ ಫೋನಿನಲ್ಲೂ.

ಅಡುಗೆಮನೆಯಲ್ಲಿ ಸಾಂದ್ರತೆಯ ಪ್ರಯೋಗವನ್ನೂ ಮಾಡಿದೆ, ಹೋಲ್ಡರ್ ಇಲ್ಲದವಕ್ಕೆ. ಮಿಲಿಗ್ರಾಂ ತೂಗುವ ತಕ್ಕಡಿ, ಹೊಲಿಗೆ ದಾರ, ಒಂದು ಲೋಟ ನೀರು, ಗುಳ್ಳೆ ಅಂಟದ ಹಾಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಹೊಸದರ ತೂಕ 8.359 ಗ್ರಾಂ, ಸವೆದದ್ದು ಅದಕ್ಕಿಂತ ತುಸು ಕಡಿಮೆ. ನೀರಿನಲ್ಲಿ ಇಳಿಬಿಟ್ಟಾಗ ಅರ್ಧ ಗ್ರಾಮಿಗಿಂತ ಸ್ವಲ್ಪ ಕಡಿಮೆ ತೂಕ ಇಳಿಯಬೇಕು, ಭಾಗಿಸಿದರೆ 17.2ರ ಹತ್ತಿರ ಬರಬೇಕು. ನನ್ನವು ಹಾಗೇ ಬಂದವು. ಆದರೆ ಇದನ್ನು ನಂಬಿ ಕೂರಬೇಡಿ. ಈ ಸರಣಿಯ ದೊಡ್ಡ ಮೋಸ ಫಿಲಡೆಲ್ಫಿಯಾದ ಅಸಲಿ ನಾಣ್ಯಕ್ಕೆ ಸಿಸಿ ಅಂಟಿಸುವುದು. ಚಿನ್ನ ಅಸಲಿ, ತೂಕ ಅಸಲಿ, ತಕ್ಕಡಿ ಏನು ಹೇಳೀತು? ಸಿಸಿ ಗುರುತನ್ನು ಫಿಲಡೆಲ್ಫಿಯಾದಲ್ಲೇ ಅಚ್ಚಿಗೆ ಒತ್ತಿ ಕಳಿಸುತ್ತಿದ್ದರು, ಹಾಗಾಗಿ ಒಂದೊಂದು ಅಚ್ಚಿನಲ್ಲಿ ಅದರ ಜಾಗ ಒಂದೊಂದು. ಹದ್ದಿನ ಉಗುರು, ಬಾಣದ ಗರಿ, ಕೆಳಗಿನ ಅಕ್ಷರಗಳು, ಇವುಗಳಿಗೆ ಎರಡು ಸಿ ಎಲ್ಲಿ ಎದುರಾಗಿವೆ ಅಂತ ವರ್ಷವಾರು ಫೋಟೊ ಇಟ್ಟುಕೊಂಡು ಹೋಲಿಸುತ್ತೇನೆ. ಜಾಗ ಕೂಡದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಅಸಿಟೋನಿನಲ್ಲಿ ಒಂದು ಮಾಮೂಲಿ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯ ನೆನೆಸಿಟ್ಟೂ ನೋಡಿದೆ. ಪ್ಲಾಸ್ಟಿಕ್ಕಿನ ಹಸಿರು ಜಿಡ್ಡು ಹೋಯಿತು, ತಾಮ್ರದ ಚುಕ್ಕೆ ಹಾಗೇ ಉಳಿಯಿತು.

ಕಾರ್ಸನ್ ಸಿಟಿಗೆ ಬೆಟ್ಟ ಹತ್ತಿ ಇಳಿದು ಹೋಗಿ ಬರುತ್ತಿರುತ್ತೇನೆ. ಆ ಟಂಕಸಾಲೆ ಈಗ ರಾಜ್ಯದ ಮ್ಯೂಸಿಯಂ, ಒಂದನೇ ನಂಬರಿನ ಅಚ್ಚಿನ ಯಂತ್ರ ಇನ್ನೂ ಅಲ್ಲೇ ಇದ್ದು ಪದಕ ಹೊಡೆಯುತ್ತದೆ. ನನಗೆ 1870ರದ್ದು ಸಿಕ್ಕಿದ್ದು ಮಾತ್ರ ಅಲ್ಲಲ್ಲ, ಹರಾಜಿನಲ್ಲೂ ಅಲ್ಲ. ಒಬ್ಬ ಹಿರಿಯ ಸಂಗ್ರಾಹಕರು ಮಾರುವ ಸುದ್ದಿ ಬಂದಾಗ ಬೇರೆಯವರೆಲ್ಲ ಅವರ ಇಪ್ಪತ್ತು ಡಾಲರುಗಳ ಹಿಂದೆ ಬಿದ್ದರು. ನಾನು ಚಿಕ್ಕ ಪೆಟ್ಟಿಗೆ ತೋರಿಸಿ ಅಂದೆ. ಫೈನ್‌ಗಿಂತ ಸ್ವಲ್ಪ ಮೇಲು, ಅಂಚಿನಲ್ಲಿ ಒಂದು ಸಣ್ಣ ಪೆಟ್ಟು, ಮೈ ಯಾರೂ ತೊಳೆದಿಲ್ಲ.

ಈಗ ಹತ್ತು ಡಾಲರಿನದಕ್ಕೆ ಕೈ ಹಾಕಿದ್ದೇನೆ. ಅದರಲ್ಲೂ 19 ವರ್ಷ. 1891 ಮತ್ತು 92 ಬಂದಾಗಿವೆ. 1879ರದ್ದು 1,762 ಮಾತ್ರ ಹೊಡೆದದ್ದು, ಅದಕ್ಕೆ ಒಂದಷ್ಟು ಐದು ಡಾಲರಿನ ಡಬಲ್‌ಗಳನ್ನು ಕೊಡಬೇಕಾಗಬಹುದು. 1882 ಮತ್ತು 1884ರ ಐದು ಡಾಲರ್ ಹೆಚ್ಚುವರಿ ಇವೆ, ಎರಡೂ ವಿಎಫ್. ಹತ್ತು ಡಾಲರಿನ 1870ರ ದಶಕದ ಯಾವುದಾದರೂ ಇದ್ದು ಅದಲು ಬದಲಿಗೆ ಒಪ್ಪುವವರಿದ್ದರೆ ಮೊದಲು ಅಂಚಿನ ಫೋಟೊ ಕಳಿಸಿ, ಆಮೇಲೆ ಬೆಲೆ ಮಾತಾಡೋಣ.