ಮರೆವಿನ ಕಾಯಿಲೆಯವರಿಗೆ ಸ್ನಾನ: ಕಾಲಿನಿಂದ ಶುರು ಮಾಡಿ

ಮಳೆಗಾಲದಲ್ಲಿ ತೋಟದಿಂದ ಬಂದವರು ನಮ್ಮ ಕಡೆ ಮೊದಲು ಕಾಲು ತೊಳೆಯುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಕೆಸರೂ ಹೋಗುತ್ತದೆ, ಜಿಗಣೆ ಹಿಡಿದಿದ್ದರೆ ಅದೂ ಕಾಣುತ್ತದೆ. ನಮ್ಮ ಯಜಮಾನರಿಗೆ ಇದು ಚಿಕ್ಕಂದಿನ ಅಭ್ಯಾಸ. ಎಷ್ಟೋ ದಿನ ನನ್ನ ಹೆಸರು ಮರೆಯುತ್ತಾರೆ, ಇದನ್ನು ಮರೆತಿಲ್ಲ. ಅವರಿಗೆ ಸ್ನಾನ ಮಾಡಿಸುವ ದಾರಿ ಇಲ್ಲೇ ಇದೆ ಅಂತ ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು. ಅಲ್ಲಿಯವರೆಗೂ ಬಚ್ಚಲ ಬಾಗಿಲಲ್ಲಿ ನಿಂತು ಜಗಳ ಆಡಿದ್ದೇ ಬಂತು.

ಅವರಿಗೆ ಡಿಮೆನ್ಷಿಯಾ. ಐದು ವರ್ಷವಾಯಿತು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಾವಿಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಸುತ್ತಮುತ್ತ ಇಂಥ ಮನೆಗಳು ಇನ್ನೂ ನಾಲ್ಕೈದು ಇವೆ. ಎಲ್ಲ ಕಡೆ ಊಟ, ಮಾತ್ರೆ ಹೇಗೋ ನಡೆಯುತ್ತದೆ. ಎಡವುವುದು ಬಚ್ಚಲಲ್ಲಿ. ಒಂದು ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಅಪ್ಪನ ರಟ್ಟೆ ಹಿಡಿದು ಕೂರಿಸಿ, ತಲೆಗೆ ಚೊಂಬಿನ ಮೇಲೆ ಚೊಂಬು ಸುರಿದರು. ಆ ಹಿರಿಯರ ಕೂಗು ರಸ್ತೆಗೆ ಕೇಳುತ್ತಿತ್ತು. ಅವತ್ತು ಸ್ನಾನವೇನೋ ಆಯಿತು. ಆಮೇಲೆ ಒಂದು ತಿಂಗಳು ಅವರು ಬಚ್ಚಲ ಕಡೆ ತಲೆ ಹಾಕಲಿಲ್ಲ.

ಒಂದು: ಡಾಕ್ಟರ್

ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸಾಯ್ತು, ಮರೆವು ಬರುತ್ತೆ ಅಂತ ಸುಮ್ನೆ ಕೂರಬೇಡಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಹೆಚ್ಚುಕಮ್ಮಿಯಾದರೂ, ಮನಸ್ಸು ಕುಗ್ಗಿದರೂ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೂ ಹೀಗೇ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಹಾಗಾಗಿ ರಕ್ತ ಪರೀಕ್ಷೆ, ಸ್ಕ್ಯಾನ್ ಆಗಲೇಬೇಕು. ಡಿಮೆನ್ಷಿಯಾದಲ್ಲೇ ಒಂದು ಬಗೆಯಾದ ಆಲ್ಝೈಮರ್ ಅಂತಾದರೆ ಡೊನೆಪೆಜಿಲ್, ಮೆಮಾಂಟಿನ್ ಥರದ ಮಾತ್ರೆ ಬರೆದುಕೊಡುತ್ತಾರೆ. ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಇನ್ನು ನೆನಪಿನ ಶಕ್ತಿಯ ಟಾನಿಕ್, ಲೇಹ್ಯ, ಪುಡಿ. ನಾನು ಒಂದು ವರ್ಷ ತರಿಸಿದೆ. ಆ ದುಡ್ಡಿಗೆ ಬಚ್ಚಲ ಗೋಡೆಗೆ ಎರಡು ಗಟ್ಟಿ ಹಿಡಿ ಹಾಕಿಸಬಹುದಿತ್ತು.

ಎರಡು: ಮನೆ

ಕೆರೆಗೆ ಬೇಲಿ, ಗೇಟಿಗೆ ಗಂಟೆ, ಅಂಗಿ ಜೇಬಿನಲ್ಲಿ ಫೋನ್ ನಂಬರಿನ ಚೀಟಿ. ಕತ್ತಲಾದ ಮೇಲೆ ತೋಟಕ್ಕೆ ಇಳಿದರೆ ಆನೆ ಇರುತ್ತದೆ, ಅದಕ್ಕೇ ಹಿಂಬಾಗಿಲಿಗೆ ಮೇಲಿನ ಚಿಲಕ.

ಮತ್ತೆ ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ಅಲ್ವಾ, ಹಾಗಾಗಿ ಈ ಮಾತನ್ನು ಬೇರೆ ಜಿಲ್ಲೆಯ ಡಾಕ್ಟರ್ ಕೇಳುವುದೇ ಇಲ್ಲ. ಮನೆಯವರನ್ನೇ ಕಳ್ಳರು ಅಂದುಕೊಳ್ಳುವವರ ಕೈಗೆ ಕೋವಿ ಸಿಗಬಾರದು. ನಮ್ಮವರ ಹಾಗೆ ಮಿಲಿಟರಿಯಲ್ಲಿದ್ದವರಾದರೆ ಇನ್ನೂ ಸಿಗಬಾರದು. ತಲೆ ಮರೆತರೂ ಕೈ ಮರೆತಿರುವುದಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೇವಲ್ಲ, ಅಲ್ಲೇ ಕೇಳಿ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ. ಕೈಲ್ ಮುಹೂರ್ತದ (ನಮ್ಮ ಕಡೆಯ ಆಯುಧ ಹಬ್ಬ) ಪೂಜೆಗೆ ಕೋವಿ ಇಲ್ಲವಲ್ಲ ಅಂತ ನನ್ನ ಮೈದುನ ಮುಖ ಸಿಂಡರಿಸಿದ. ಸಿಂಡರಿಸಲಿ.

ಮೂರು: ಸ್ನಾನ

ದಿನಾ ಬೇಡ. ವಾರಕ್ಕೆ ಎರಡು ಸಲ ಸಾಕು. ಉಳಿದ ದಿನ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಮುಖ, ಕಂಕುಳು, ತೊಡೆಸಂದು, ಪಾದ ಒರೆಸಿ. ಮಲ ಮೂತ್ರ ಆದಾಗ ಮಾತ್ರ ಆ ಭಾಗವನ್ನು ಆಗಲೇ ತೊಳೆಯಬೇಕು. ದಿನಾ ಮೀಯದಿದ್ದರೆ ಮೈಲಿಗೆ ಅನ್ನುವ ನೆಂಟರಿಗೆ ಒಂದು ದಿನ ಬಂದು ಮೀಯಿಸಲು ಹೇಳಿ. ಮತ್ತೆ ಮಾತಾಡುವುದಿಲ್ಲ.

ಸಮಯ ಬೆಳಿಗ್ಗೆ ಹನ್ನೊಂದು. ಆರು ಗಂಟೆಗೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವ ಶಿಸ್ತು ನಿಮಗೆ ಬೇಕಿರಬಹುದು, ಅವರಿಗೆ ಚಳಿ ಅಷ್ಟೇ. ಸಂಜೆ ನಾಲ್ಕರ ಮೇಲಂತೂ ಬೇಡವೇ ಬೇಡ. ಬೆಳಕು ಇಳಿಯುತ್ತಿದ್ದ ಹಾಗೆ ಇವರಿಗೆ ಗಾಬರಿ, ಸಿಟ್ಟು ಜಾಸ್ತಿಯಾಗುತ್ತದೆ.

ಬಚ್ಚಲನ್ನು ಒಮ್ಮೆ ಅವರ ಕಣ್ಣಿಂದ ನೋಡಿ. ನಮ್ಮದು ಕಪ್ಪು ಕಲ್ಲಿನ ನೆಲ. ಒದ್ದೆಯಾದಾಗ ಅದು ಅವರಿಗೆ ಹೊಂಡದ ಹಾಗೆ ಕಾಣುತ್ತದೆ. ಹೊಸ್ತಿಲಲ್ಲಿ ನಿಂತು ಕಾಲು ಮುಂದಿಡದೆ ನಡುಗುತ್ತಿದ್ದರು. ನಾನು ಅದನ್ನು ಹಟ ಅಂದುಕೊಂಡಿದ್ದೆ. ಸಿಮೆಂಟ್ ಬಣ್ಣದ, ಜಾರದ ಮ್ಯಾಟ್ ಹಾಸಿ, ಬಲ್ಬ್ ಬದಲಾಯಿಸಿದ ದಿನವೇ ಒಳಗೆ ಬಂದರು. ಕಪ್ಪು ಮ್ಯಾಟ್ ತರಬೇಡಿ, ಅದೂ ಹೊಂಡವೇ. ಕನ್ನಡಿ ಇದ್ದರೆ ಟವೆಲ್ ಮುಚ್ಚಿ. ತಮ್ಮ ಮುಖ ಗುರುತು ಸಿಗದಿದ್ದಾಗ ಬಚ್ಚಲಲ್ಲಿ ಯಾರೋ ನಿಂತಿದ್ದಾರೆ ಅಂತಲೇ ಅವರ ಲೆಕ್ಕ.

ಕೂರಲು ಮಣೆ, ಸ್ಟೂಲ್ ಬೇಡ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಇಡಿ. ಗಾಢ ನೀಲಿ ಅಥವಾ ಕೆಂಪು ಆಗಿರಲಿ, ಬಿಳಿ ಟೈಲ್ಸ್ ಮೇಲೆ ಬಿಳಿ ಕುರ್ಚಿ ಅವರಿಗೆ ಕಾಣುವುದಿಲ್ಲ. ಗೋಡೆಯ ಹಿಡಿಯನ್ನು ಸ್ಕ್ರೂ ಹಾಕಿ ಕೂರಿಸಬೇಕು. ರಬ್ಬರ್ ಬಟ್ಟಲಿನಿಂದ ಟೈಲ್ಸ್‌ಗೆ ಅಂಟುವ ಹಿಡಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಾನೂ ತರಿಸಿದೆ. ಎರಡನೇ ವಾರ ನನ್ನ ಕೈಯಲ್ಲೇ ಕಿತ್ತು ಬಂತು. ಪುಣ್ಯಕ್ಕೆ ಅವರ ಕೈಯಲ್ಲಲ್ಲ.

ನೀರಿಗೆ ನಮ್ಮ ಹಂಡೆಯೇ ಸೈ. ಒಲೆಯ ಬಾಯಿ ಹೊರಗಿರುವ ಹಳೇ ಬಚ್ಚಲಾದರೆ ಒಳಗೆ ಬೆಚ್ಚಗಿರುತ್ತದೆ, ಹೊಗೆಯೂ ಇಲ್ಲ. ಆದರೆ ಹಂಡೆಯ ನೀರು ಮೈ ಸುಡುವಷ್ಟು ಕಾದಿರುತ್ತದೆ, ಅವರಿಗೆ ಸುಟ್ಟರೂ ಹೇಳಲು ಬರುವುದಿಲ್ಲ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ನಿಮ್ಮ ಮೊಣಕೈ ಅದ್ದಿ ನೋಡಿ. ಗ್ಯಾಸ್ ಗೀಸರ್ ಇರುವವರಿಗೆ ಒಂದು ಮಾತು. ಅದನ್ನು ಬಚ್ಚಲ ಒಳಗೆ ಹಾಕಿಸಿದ್ದರೆ ಇವತ್ತೇ ಹೊರಗೆ ಹಾಕಿಸಿ. ಮಳೆ ಅಂತ ಕಿಟಕಿ ಮುಚ್ಚುತ್ತೇವೆ, ಒಳಗೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಸೋಪು, ಮೂರು ಟವೆಲ್, ಒಣ ಪಂಚೆ, ಹಾಕುವ ಕ್ರಮದಲ್ಲೇ ಮಡಚಿಟ್ಟ ಬಟ್ಟೆ, ಎಲ್ಲ ಕೈಗೆ ಸಿಗುವಂತೆ ಮೊದಲೇ ಇಡಿ. ಟವೆಲ್ ತರಲು ನೀವು ಹೊರಗೆ ಹೋದ ಆ ಅರ್ಧ ನಿಮಿಷದಲ್ಲೇ ಅವರು ಎದ್ದು ನಿಲ್ಲುವುದು.

ಈಗ ಕರೆಯುವುದು. ಇದರಲ್ಲೇ ಎಲ್ಲ ಇದೆ.

"ಸ್ನಾನ" ಅನ್ನುವ ಮಾತೇ ಬೇಡ. ಸ್ನಾನ ಅಂದರೆ "ಬೆಳಿಗ್ಗೆಯೇ ಆಯ್ತು" ಅನ್ನುತ್ತಾರೆ. "ಎಲ್ಲಿ ಆಯ್ತು, ನಾಲ್ಕು ದಿನ ಆಯ್ತು, ವಾಸನೆ ಬರ್ತಾ ಇದೆ" ಅಂದರೆ ಅಲ್ಲಿಗೆ ಮುಗಿಯಿತು. ಅವರ ನೆನಪಿನಲ್ಲಿ ಅದು ಆಗಿದೆ. ನೀವು ಸುಳ್ಳುಗಾರರಾಗುತ್ತೀರಿ, ಜೊತೆಗೆ ಅವಮಾನ ಮಾಡಿದವರೂ ಆಗುತ್ತೀರಿ. ನಾನು ಹೇಳುವುದು ಇಷ್ಟೇ: "ಕಾಲು ಕೆಸರಾಗಿದೆ ನೋಡಿ. ಬನ್ನಿ, ತೊಳೆಯೋಣ." ಸುಳ್ಳಾಗಬಾರದು ಅಂತ ಅದಕ್ಕೆ ಮೊದಲು ಅಂಗಳದಲ್ಲಿ ಎರಡು ಸುತ್ತು ನಡೆಸಿಕೊಂಡು ಬರುತ್ತೇನೆ. ಕೆಸರು ನೋಡಿದ ಕೂಡಲೇ ಅವರೇ ಪಂಚೆ ಎತ್ತಿ ಕಟ್ಟುತ್ತಾರೆ.

ನಿಮ್ಮ ಮನೆಯಲ್ಲಿ ಇದು ಕಾಲು ಅಲ್ಲದಿರಬಹುದು. ಸೋಮವಾರಪೇಟೆ ಕಡೆಯ ಒಬ್ಬರು ತಮ್ಮ ಹೆಂಡತಿಯನ್ನು "ಬಟ್ಟೆ ನೆನೆಹಾಕೋಣ ಬಾ" ಅಂತ ಕರೆದೊಯ್ಯುತ್ತಾರೆ. ಕೈ ನೊರೆಯಲ್ಲಿ ಅದ್ದಿದ ಮೇಲೆ ಅಲ್ಲಿಂದ ಮುಂದೆ ಸಲೀಸು. ಯಾವ ಕೆಲಸ ಕೈಕಾಲಿಗೆ ಕರಗತವಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ನಿನ್ನೆಯದು ಮರೆತವರಿಗೂ ಅಂಥ ಕೆಲಸ ಬಹಳ ಕಾಲ ಉಳಿದಿರುತ್ತದೆ. ಭಾಷೆಯೂ ಹಾಗೆ. ನಮ್ಮವರಿಗೆ ಮಿಲಿಟರಿ ಹಿಂದಿ ಪೂರ್ತಿ ಹೋಯಿತು. ನಾನು ಅರೆಭಾಷೆಯಲ್ಲಿ ಕರೆದರೆ ಮಾತ್ರ ಬೇಗ ತಿರುಗುತ್ತಾರೆ.

ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಚೊಂಬು ಪಾದಕ್ಕೆ. ಸುಮ್ಮನಿರಿ. ಎರಡನೆಯದು ಮೊಣಕಾಲಿಗೆ. ಬಿಸಿನೀರಿನ ಹಿತ ತಾನಾಗಿ ಮೇಲೇರಬೇಕು. ಆಮೇಲೆ ಚೊಂಬನ್ನು ಅವರ ಕೈಗೆ ಕೊಡಿ. ಹತ್ತರಲ್ಲಿ ಏಳು ಸಲ ಅವರೇ ತೊಡೆಗೆ, ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳದಿದ್ದರೆ ನೀವು ಕೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಹೋಗಿ. ಸೋಪನ್ನು ಅವರ ಕೈಯಲ್ಲಿಟ್ಟು, ಅದರ ಮೇಲೆ ನಿಮ್ಮ ಕೈ ಇಟ್ಟು ಉಜ್ಜಿ. ಒಂದು ಸಲಕ್ಕೆ ಒಂದೇ ಮಾತು. "ಕೈ ಎತ್ತಿ." ಕಾಯಿರಿ. ಎತ್ತಲು ಅವರಿಗೆ ಸಮಯ ಬೇಕು. "ಕೈ ಎತ್ತಿ, ಆ ಕಡೆ ತಿರುಗಿ, ಕಣ್ಣು ಮುಚ್ಚಿ" ಅಂತ ಒಟ್ಟಿಗೆ ಹೇಳಿದರೆ ಮೂರೂ ಆಗುವುದಿಲ್ಲ.

ತಲೆಗೆ ನೀರು ಬೇಡ. ತಲೆ ಮೇಲಿಂದ ನೀರು ಬಿದ್ದಾಗ ಕಣ್ಣು ಕಾಣುವುದಿಲ್ಲ, ಉಸಿರು ಕಟ್ಟುತ್ತದೆ. ಏನಾಗುತ್ತಿದೆ ಅಂತ ತಿಳಿಯದವರಿಗೆ ಅದು ಮುಳುಗಿದ ಹಾಗೆಯೇ. ಶವರ್ ಅಂತೂ ತಿರುಗಿಸಲೇಬೇಡಿ. ತಲೆಗೆ ಬೇರೆ ದಿನ ಇಡಿ. ಹಣೆಗೆ ಅಡ್ಡವಾಗಿ ಒಣ ಬಟ್ಟೆ ಹಿಡಿದು, ಹಿಂದಿನಿಂದ ಸ್ವಲ್ಪ ಸ್ವಲ್ಪ ಹಾಕಿ.

ಪಂಚೆ ಬಿಚ್ಚಿಸಬೇಕಾಗಿಲ್ಲ. ಭಾಗಮಂಡಲದ ಸಂಗಮದಲ್ಲಿ ಪಂಚೆ ಉಟ್ಟೇ ಮುಳುಗುತ್ತಾರಲ್ಲ, ಹಾಗೆ. ಒಳಗೆ ಕೈ ಹಾಕಿ ತೊಳೆಯಿರಿ, ಕೊನೆಗೆ ಒಣ ಪಂಚೆ ಮೇಲೆ ಸುತ್ತಿ ಒದ್ದೆಯದನ್ನು ಕೆಳಗೆ ಜಾರಿಸಿ. ಮರೆವು ಬಂದವರಿಗೆ ನಾಚಿಕೆ ಹೋಗಿರುವುದಿಲ್ಲ.

ಒಂದು ದಿನ ನಾನು ಅಂಗಿಯ ಮೂರನೇ ಗುಂಡಿ ಬಿಚ್ಚುತ್ತಿದ್ದೆ. ನನ್ನ ಕೈ ಹಿಡಿದು ನಿಲ್ಲಿಸಿದರು. ತುಂಬಾ ಮರ್ಯಾದೆಯಿಂದ ಹೇಳಿದರು: "ನೀವು ಹೊರಗೆ ಹೋಗಿಮ್ಮಾ. ನನ್ನ ಹೆಂಡತಿ ಬರ್ತಾಳೆ." ಹಿಂದಾಗಿದ್ದರೆ ನಾನೇ ನಿಮ್ಮ ಹೆಂಡತಿ ಅಂತ ಅಳುತ್ತಿದ್ದೆ. ಅವತ್ತು "ಸರಿ, ಅವರನ್ನೇ ಕಳಿಸುತ್ತೇನೆ" ಅಂದು ಬಾಗಿಲು ಎಳೆದುಕೊಂಡೆ. ಸ್ವಲ್ಪ ಹೊತ್ತು ಒಲೆ ಹತ್ತಿರ ನಿಂತೆ. ಆಮೇಲೆ ದಿನಾ ಕೂಗುವ ದನಿಯಲ್ಲೇ ಹೊರಗಿಂದ ಕೂಗಿದೆ: "ಕಾಫಿ ಇಟ್ಟಿದ್ದೇನೆ, ಕಾಲು ತೊಳ್ಕೊಂಡ್ರಾ?" "ಇಲ್ಲ, ಬಾ" ಅಂದರು. ಒಳಗೆ ಹೋದೆ. ಉಳಿದ ಗುಂಡಿ ಬಿಚ್ಚಿದೆ.

ಬೇಡ ಅಂದರೆ ನಿಲ್ಲಿಸಿ. ಪಾದ ಮಾತ್ರ ತೊಳೆದಿದ್ದರೆ ಅವತ್ತಿಗೆ ಪಾದ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕರೆದು ನೋಡಿ, ಬೇಡ ಅಂದದ್ದನ್ನೇ ಮರೆತಿರುತ್ತಾರೆ.

ಎಣ್ಣೆ ಸ್ನಾನ ಬಿಟ್ಟುಬಿಡಿ. ಎಣ್ಣೆ ಕಾಲು, ಒದ್ದೆ ನೆಲ, ಎಪ್ಪತ್ತು ದಾಟಿದ ಸೊಂಟದ ಮೂಳೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.

ನಾಲ್ಕು: ಒರೆಸುವುದು, ನೋಡುವುದು

ಉಜ್ಜಬೇಡಿ, ಒತ್ತಿ ಒರೆಸಿ. ಕಾಲ್ಬೆರಳ ಸಂದಿ, ತೊಡೆಸಂದು ಪೂರ್ತಿ ಒಣಗಬೇಕು, ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಗೆ ಎರಡೇ ದಿನದಲ್ಲಿ ಅಲ್ಲಿ ಕಜ್ಜಿ ಏಳುತ್ತದೆ. ಘಮಘಮ ಪೌಡರ್ ಸುರಿಯಬೇಡಿ, ಬೆವರಿಗೆ ಗಂಟು ಕಟ್ಟಿ ಇನ್ನಷ್ಟು ಉಜ್ಜುತ್ತದೆ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಜಾಗ ನೋಡಿ. ಕೆಂಪಾಗಿದ್ದು, ಬೆರಳು ಒತ್ತಿ ತೆಗೆದರೂ ಹಾಗೇ ಇದ್ದರೆ ಅದು ಹುಣ್ಣಿನ ಶುರು. ಅಲ್ಲಿ ಭಾರ ಬೀಳದ ಹಾಗೆ ಮಲಗಿಸಿ, ಡಾಕ್ಟರಿಗೆ ತೋರಿಸಿ.

ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ ಕಾಯಿಲೆ ಬಲಿಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆ, ಇವುಗಳಲ್ಲಿ ಯಾವುದೂ ಆಗಿರಬಹುದು. ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಮೂತ್ರ ಅಂದಾಗ ನೆನಪಾಯಿತು. ಕಕ್ಕಡ ತಿಂಗಳ 18, ಆಟಿ ಸೊಪ್ಪು ತಿನ್ನುವ ದಿನ, ನಾವು ಆಟಿ ಹದಿನೆಂಟು ಅನ್ನುವುದು. ಆಗಸ್ಟ್ ಮೊದಲ ವಾರ. ಆಟಿ ಸೊಪ್ಪಿನ ಪಾಯಸ ಅವರೂ ಎರಡು ಬಟ್ಟಲು ತಿಂದರು. ಮಾರನೆಯ ದಿನ ಡೈಪರ್ ನೋಡಿ ಹೊರಗಿನಿಂದ ಬಂದಿದ್ದ ಹೋಮ್ ನರ್ಸ್ ಹುಡುಗಿ "ರಕ್ತ!" ಅಂತ ಕೂಗಿಕೊಂಡು ಆಂಬುಲೆನ್ಸ್‌ಗೆ ಫೋನ್ ಮಾಡಲು ಹೊರಟಳು. ಆ ಸೊಪ್ಪಿಗೆ ಮೂತ್ರ ಕೆಂಪಾಗುವುದು ಇಲ್ಲಿಯ ಮಕ್ಕಳಿಗೂ ಗೊತ್ತು. ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರೆ ಮೊದಲೇ ಹೇಳಿಡಿ. ಸೊಪ್ಪು ತಿನ್ನದ ದಿನ ಕೆಂಪಾದರೆ ಮಾತ್ರ ಅವಳು ಮಾಡಿದ್ದೇ ಸರಿ.

ಐದು: ನೀವು

ಸ್ನಾನ ಮಾಡಿಸಿದ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಬಗ್ಗಿ ಬಗ್ಗಿ ಬೆನ್ನು ಹೋಗುತ್ತದೆ, ನೀವೂ ಒಂದು ಸ್ಟೂಲ್ ಹಾಕಿಕೊಂಡು ಕೂತು ನೀರು ಹಾಕಿ. ಕೈ ಎತ್ತಬೇಕು ಅನ್ನಿಸುವಷ್ಟು ಸಿಟ್ಟು ಬರುವ ದಿನವೂ ಇರುತ್ತದೆ. ನನಗೂ ಬಂದಿದೆ. ಅವತ್ತು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಕೆಟ್ ದೂರ ಸರಿಸಿ, ಹೊರಗೆ ಬನ್ನಿ. ಮಾತಾಡಲು ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಹಿರಿಯರ ಸಹಾಯವಾಣಿ 14567.

ಟವೆಲ್ ಬಗ್ಗೆ ಹೇಳುವುದು ಮರೆತಿದ್ದೆ. ಮಳೆಗಾಲಕ್ಕೆ ಎಂಟಾದರೂ ಬೇಕು, ತೆಳ್ಳಗಿನವೇ ಇರಲಿ. ದಪ್ಪ ಟರ್ಕಿ ಟವೆಲ್ ಒಲೆ ಮೇಲಿನ ಹಗ್ಗದಲ್ಲಿ ನಾಲ್ಕು ದಿನವಾದರೂ ಒಣಗುವುದಿಲ್ಲ, ಐದನೇ ದಿನಕ್ಕೆ ಹೊಗೆ ವಾಸನೆ. ಮುಖದ ಹತ್ತಿರ ತಂದರೆ ನಮ್ಮವರು ತಳ್ಳಿಬಿಡುತ್ತಾರೆ.