ಕಾಡಿನ ಮದ್ದಿನ ಗಿಡ ಕೀಳುವ ಮೊದಲು, ಕೀಳುವಾಗ

ಮದ್ದಿನ ಗಿಡ ಗೊತ್ತಿರುವ ಹಿರಿಯರ ಹತ್ತಿರ ಹೋದವರೆಲ್ಲ ಕೇಳುವುದು ಒಂದೇ ಮಾತು: ಇದು ಯಾವುದಕ್ಕೆ ಮದ್ದು? ಕೇಳಿ, ತಪ್ಪೇನಿಲ್ಲ. ಆದರೆ ಆ ಉತ್ತರ ಈಗ ಫೋನಿನಲ್ಲೂ ಸಿಗುತ್ತದೆ ಅಲ್ವಾ? ಫೋನಿನಲ್ಲಿ ಸುಲಭವಾಗಿ ಸಿಗದೇ ಇರುವುದು ಬೇರೆ ಇದೆ. ಈ ಗಿಡವನ್ನು ಯಾವಾಗ ಮುಟ್ಟಬಾರದು, ಎಲ್ಲಿಗೆ ಕತ್ತರಿಸಬೇಕು, ಎಷ್ಟು ಬಿಟ್ಟು ಬರಬೇಕು, ಒಮ್ಮೆ ಕಿತ್ತ ಜಾಗಕ್ಕೆ ಮತ್ತೆ ಯಾವಾಗ ಹೋಗಬಹುದು. ಒಂದೇ ಕಾಡಿನಲ್ಲಿ ತಲೆಮಾರುಗಳಿಂದ ಗಿಡ ಕೀಳುತ್ತಾ ಬಂದವರಿಗೆ ಇದೆಲ್ಲ ಗೊತ್ತಿರುತ್ತದೆ, ಯಾಕೆಂದರೆ ಗಿಡ ಮುಗಿದರೆ ಅವರ ಮದ್ದೂ ಮುಗಿಯಿತು. ಇಲ್ಲಿ ಬರೆದಿರುವುದೂ ಅಷ್ಟೇ, ಕೀಳುವ ಬಗ್ಗೆ. ಎಷ್ಟು ಕುಡಿಯಬೇಕು, ಯಾವ ಕಾಯಿಲೆಗೆ ಯಾವುದು ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೇನೆ, ಅದಕ್ಕೆ ವೈದ್ಯರಿದ್ದಾರೆ.

ಮೊದಲು, ಕೇಳುವುದು ಹೇಗೆ ಅಂತ. ಜಗಲಿಯಲ್ಲಿ ಕೂತು ನೋಟ್‌ಬುಕ್ ಹಿಡಿದು ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಅವರು ಕಾಡಿಗೆ ಹೋಗುವ ದಿನ ಜೊತೆಗೆ ಹೋಗಿ, ಬಾಯಿಗಿಂತ ಕೈ ನೋಡಿ. ಯಾವ ಗಿಡವನ್ನು ದಾಟಿಕೊಂಡು ಹೋದರು? ಎಲೆ ಕಿತ್ತರೋ ಕುಡಿ ಚಿವುಟಿದರೋ? ಬೇರು ಅಗೆದ ಮೇಲೆ ಗುಂಡಿಗೆ ಮಣ್ಣು ಎಳೆದರೋ ಇಲ್ಲವೋ? ಇವನ್ನೆಲ್ಲ ಅವರು ಹೇಳುವುದಿಲ್ಲ, ಹೇಳಬೇಕಾದ ವಿಷಯ ಅಂತಲೇ ಅವರಿಗೆ ಅನ್ನಿಸುವುದಿಲ್ಲ. ಇನ್ನೊಂದು ಒಳ್ಳೆಯ ಪ್ರಶ್ನೆ: ಮೊದಲು ಎಲ್ಲಿ ಸಿಗುತ್ತಿತ್ತು, ಈಗ ಎಲ್ಲಿ ಸಿಗುತ್ತಿಲ್ಲ, ಯಾಕೆ?

ಆ 'ಯಾಕೆ'ಗೆ ಬರುವ ಉತ್ತರವನ್ನು ಸುಮ್ನೆ ತಳ್ಳಿಹಾಕಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿ ಮರಗಳ ಸ್ಥಿತಿ ಕೆಟ್ಟಾಗ ಕಾಯಿ ಕೀಳುವುದೇ ಕಾರಣ ಅಂತ ಹೊರಗಿನವರು ಅಂದುಕೊಳ್ಳುವುದು ಸಹಜವಾಗಿತ್ತು. ಅಲ್ಲಿನ ಕಾಡಿನಲ್ಲೇ ಬಾಳುವ ಸೋಲಿಗರು ಬೆರಳು ಮಾಡಿದ್ದು ಬಂದಳಿಕೆಯ ಕಡೆಗೆ, ಅಂದರೆ ಮರದ ಕೊಂಬೆಯ ಮೇಲೆ ಬೆಳೆದು ಅದರ ಸಾರ ಹೀರುವ ಗಿಡದ ಕಡೆಗೆ. ಮೊದಲು ಬೇಸಿಗೆಗೆ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದು ನಿಂತ ಮೇಲೆ ಬಂದಳಿಕೆಯೂ ಲಾಂಟಾನ ಅನ್ನುವ ಕಳೆಪೊದೆಯೂ ಜಾಸ್ತಿಯಾಗಿ ನೆಲ್ಲಿ ಸೊರಗಿತು ಅನ್ನುವುದು ಅವರ ಲೆಕ್ಕ. ಆಮೇಲೆ ಅಲ್ಲಿ ಅಧ್ಯಯನ ಮಾಡಿದವರಿಗೂ ಬಂದಳಿಕೆ ನೆಲ್ಲಿ ಮರವನ್ನು ಕೊಲ್ಲುತ್ತದೆ ಅನ್ನುವುದು ಕಂಡಿತು.

ಹೇಳಿಕೊಟ್ಟವರ ಹೆಸರಿಗೂ ಪಾಲಿಗೂ ಬೆಲೆ ಕೊಡಿ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ವಿಜ್ಞಾನಿಗಳ ಜೊತೆ ನಡೆಯುತ್ತಿದ್ದ ಕಾಣಿ ಬುಡಕಟ್ಟಿನ ಜನ ಆರೋಗ್ಯಪಚ್ಚ ಅನ್ನುವ ಗಿಡದ ಹಣ್ಣು ತಿಂದು ಸುಸ್ತಿಲ್ಲದೆ ಹತ್ತುತ್ತಿದ್ದರು. ಅದರಿಂದ ಮುಂದೆ 'ಜೀವನಿ' ಅನ್ನುವ ಔಷಧ ಬಂತು, ಪರವಾನಗಿಯ ಹಣ ಮತ್ತು ರಾಯಧನದಲ್ಲಿ ಅರ್ಧ ಕಾಣಿ ಸಮುದಾಯಕ್ಕೆ ಅಂತ ಒಪ್ಪಂದವಾಯಿತು. ನೀವು ಕಂಪನಿ ನಡೆಸದೇ ಇರಬಹುದು. ಆದರೂ ಅವರು ತೋರಿಸಿದ ಜಾಗದ ಲೊಕೇಶನ್ ಹಾಕಿ ಫೋಟೋ ಹಂಚಬೇಡಿ, ವಾರದೊಳಗೆ ಇನ್ಯಾರೋ ಗುದ್ದಲಿ ಹಿಡಿದು ಅಲ್ಲಿಗೆ ಹೋಗಿರುತ್ತಾರೆ.

ಇನ್ನು ಗುರುತು. ಊರ ಹೆಸರನ್ನು ಮಾತ್ರ ನಂಬಿ ಕೀಳಬೇಡಿ. ಬ್ರಾಹ್ಮಿ ಅಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಅಲ್ಲಿ ದೊಡ್ಡ ಅಪಾಯವಿಲ್ಲ, ಬಿಡಿ. ಎಲ್ಲ ಕಡೆ ಹಾಗಿರುವುದಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಹಾಕಬೇಕಿದ್ದ ಒಂದು ಚೀನೀ ಬೇರಿನ ಬದಲು, ಹತ್ತಿರದ ಹೆಸರಿನ ಬೇರೊಂದು ಬೇರು ಸೇರಿಹೋಯಿತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಆ ಬೇರು ಅರಿಸ್ಟೊಲೋಕಿಯಾ ಕುಲದ್ದು, ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಕಿಡ್ನಿಗೆ ಹೊಡೆಯುವ ಅರಿಸ್ಟೊಲೋಕಿಕ್ ಆಮ್ಲ ಇದರಲ್ಲೂ ಇದೆ. ಅಜ್ಜಿ ಬಳಸುತ್ತಿದ್ದರು ಅನ್ನುವ ಒಂದೇ ಕಾರಣಕ್ಕೆ ಯಾವ ಗಿಡವೂ ಸುರಕ್ಷಿತ ಆಗುವುದಿಲ್ಲ, ಯಾಕೆಂದರೆ ಈ ಬಗೆಯ ಹಾನಿ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಆಗ ಆ ಕಷಾಯದ ನೆನಪೇ ಯಾರಿಗೂ ಇರುವುದಿಲ್ಲ.

ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತು ಅಂತ ಎಲ್ಲರೂ ಅಂದುಕೊಂಡಿರುವ ಬಳ್ಳಿ. ಹೃದಯದ ಆಕಾರದ ಎಲೆ ನೋಡಿ ಕಿತ್ತುಬಿಡುತ್ತಾರೆ. ಆ ಆಕಾರದ ಎಲೆ ಎಷ್ಟು ಬಳ್ಳಿಗಳಿಗಿಲ್ಲ! ಎಲೆ ಬಿಡಿ, ಕಾಂಡ ನೋಡಿ. ಬಲಿತ ಕಾಂಡದ ಮೇಲೆ ಕಾಗದದಷ್ಟು ತೆಳು ಸಿಪ್ಪೆ ಇರುತ್ತದೆ, ಉಗುರಿನಲ್ಲಿ ಕೆರೆದರೆ ಸುಲಿದು ಬರುತ್ತದೆ, ಅಡಿಯಲ್ಲಿ ಹಸಿರು. ಅಡ್ಡ ಕತ್ತರಿಸಿದರೆ ಒಳಗೆ ಗಾಡಿಚಕ್ರದ ಕಡ್ಡಿಗಳ ಹಾಗೆ ನಡುವಿನಿಂದ ಅಂಚಿಗೆ ಹೋಗುವ ಗೆರೆಗಳು. ಇದರ ಹತ್ತಿರದ ನೆಂಟ ಟೈನೋಸ್ಪೊರಾ ಕ್ರಿಸ್ಪಾ ಇದೆಯಲ್ಲ, ಅದರ ಕಾಂಡದ ತುಂಬ ನರೂಲಿಯಂಥ ಗಂಟುಗಳು. ಅದನ್ನು ಸೇವಿಸಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಗೊಂದಲ ಇದ್ದರೆ ಹೂ ಬಿಡುವವರೆಗೆ ಕಾಯಿರಿ, ಹೂವಿರುವ ಕೊಂಬೆಯ ಫೋಟೋ ತೆಗೆದು ಸಸ್ಯಶಾಸ್ತ್ರ ಓದಿದವರಿಗೆ ತೋರಿಸಿ. ಗುರುತು ಹಿಡಿಯುವ ಆ್ಯಪ್ ಅಂದಾಜಿಗೆ ಸಾಕು, ಬಾಯಿಗೆ ಹಾಕಲು ಸಾಲದು.

ಈಗ ಕೀಳುವ ವಿಷಯ. ಎಷ್ಟು ಕೀಳಬಹುದು ಅನ್ನುವುದನ್ನು ತೀರ್ಮಾನಿಸುವುದು ನೀವು ಗಿಡದ ಯಾವ ಭಾಗ ತೆಗೆಯುತ್ತೀರಿ ಅನ್ನುವುದು.

ಎಲೆ ಸುಲಭ. ಆಡುಸೋಗೆ, ಲಕ್ಕಿ ಇವೆಲ್ಲ ಕತ್ತರಿಸಿದಷ್ಟೂ ಚಿಗುರುತ್ತವೆ. ಒಂದೇ ಗಿಡ ಬೋಳಿಸದೆ ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ಕುಡಿ ತೆಗೆದುಕೊಳ್ಳಿ. ಎಳೆಯಬೇಡಿ, ಕತ್ತರಿ ಹಾಕಿ, ಗೆಣ್ಣಿನ ಸ್ವಲ್ಪ ಮೇಲೆ. ಒಂದೆಲಗವನ್ನು ಬೇರು ಸಮೇತ ಎಳೆಯುವವರೇ ಜಾಸ್ತಿ, ಅದರ ಅಗತ್ಯವೇ ಇಲ್ಲ, ತೊಟ್ಟು ಚಿವುಟಿದರೆ ಬಳ್ಳಿ ಹಾಗೇ ಹರಿಯುತ್ತದೆ. ಮೂರರಲ್ಲಿ ಒಂದು ಪಾಲು ಕೀಳಬಹುದು ಅನ್ನುವ ಲೆಕ್ಕ ಎಲ್ಲೆಡೆ ಕೇಳಿಬರುತ್ತದೆ, ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ: ನಿಮ್ಮ ಹಿಂದೆಯೇ ಇನ್ನೊಬ್ಬರು ಬಂದು ಉಳಿದದ್ದರಲ್ಲಿ ಮೂರನೇ ಒಂದು ಪಾಲು ತೆಗೆದು, ಅವರ ಹಿಂದೆ ಮತ್ತೊಬ್ಬರು ಬಂದರೆ ಏನು ಉಳಿಯಿತು? ಆ ಜಾಗಕ್ಕೆ ಬೇರೆ ಯಾರು ಬರುತ್ತಾರೆ ಅಂತ ತಿಳಿದುಕೊಂಡು ಲೆಕ್ಕ ಹಾಕಿ.

ನೆಲನೆಲ್ಲಿಯಂಥ ಒಂದೇ ಮಳೆಗಾಲ ಬಾಳುವ ಗಿಡ ಬೀಜದಿಂದಲೇ ಮತ್ತೆ ಬರಬೇಕು. ಎಲೆಗಳ ಸಾಲಿನ ಅಡಿಯಲ್ಲಿ ಸಣ್ಣ ಕಾಯಿಗಳು ತೂಗುತ್ತಿರುತ್ತವೆ, ಅವು ಬಲಿತು ಸಿಡಿಯುವ ಮುಂಚೆಯೇ ಇಡೀ ಜಾಗ ಕಿತ್ತರೆ ಮುಂದಿನ ವರ್ಷಕ್ಕೆ ಏನೂ ಇಲ್ಲ. ಅಲ್ಲಲ್ಲಿ ಗುಂಪು ಗುಂಪಾಗಿ ಬಿಟ್ಟು ಕೀಳಿ. ಬಿಡುವುದಾದರೆ ದೊಡ್ಡದನ್ನೇ ಬಿಡಿ, ಬೀಜ ಜಾಸ್ತಿ ಕೊಡುವುದು ಅದೇ.

ತೊಗಟೆಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಉಂಗುರದಂತೆ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಮೇಲೆ ಎಲೆ ಕೆಲವು ಕಾಲ ಹಸಿರಾಗೇ ಇರುತ್ತದೆ, ಹಾಗಾಗಿ ಸುಲಿದವರಿಗೆ ತಾವು ಮರ ಕೊಂದದ್ದು ಗೊತ್ತೇ ಆಗುವುದಿಲ್ಲ. ಪ್ರಾಸ್ಟೇಟ್ ಔಷಧಕ್ಕೆ ಬೇಡಿಕೆ ಬಂದು ಆಫ್ರಿಕಾದ ಪ್ರೂನಸ್ ಆಫ್ರಿಕಾನಾ ಮರಗಳನ್ನು ಕ್ಯಾಮರೂನ್, ಮಡಗಾಸ್ಕರ್‌ಗಳಲ್ಲಿ ಹೀಗೇ ಬೋಳಿಸಿದರು, ಕಡೆಗೆ 1995ರಲ್ಲಿ ಅದು ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಪಟ್ಟಿಗೆ ಸೇರಿತು. ಅಲ್ಲಿ ಬಂದ ನಿಯಮ ಹೀಗೆ: ಮರದ ಅಡ್ಡಳತೆ 30 ಸೆಂ.ಮೀ. ದಾಟಿರಬೇಕು, ಎದುರುಬದುರು ಎರಡು ಕಾಲುಭಾಗ ಮಾತ್ರ ಸುಲಿಯಬೇಕು, ಮುಂದಿನ ಸಲ ಉಳಿದೆರಡು ಕಾಲುಭಾಗ. ಮನೆಮಟ್ಟದ ಬಳಕೆಗೆ ಅಷ್ಟೂ ಬೇಡ. ಕಾಂಡ ಮುಟ್ಟಲೇಬೇಡಿ, ಒಂದು ಪಕ್ಕದ ಕೊಂಬೆ ಸವರಿ ಅದರ ಚಕ್ಕೆ ತೆಗೆಯಿರಿ. ಅಶೋಕದಂಥ ಅಳಿವಿನಂಚಿಗೆ ಜಾರುತ್ತಿರುವ ಮರವಾದರೆ ಕಾಡಿನದನ್ನು ಬಿಟ್ಟೇಬಿಡಿ, ನೆಟ್ಟು ಬೆಳೆಸಿದ್ದು ಇದ್ದರೆ ನೋಡಿ. (ಉದ್ದಕ್ಕೆ ಕಂಬದ ಹಾಗೆ ಬೆಳೆಯುವ ಸಾಲುಮರ ಆ ಅಶೋಕ ಅಲ್ಲ.)

ಬೇರು ಕೀಳುವುದು ಅಂದರೆ ಸಾಮಾನ್ಯವಾಗಿ ಗಿಡ ಕೊಲ್ಲುವುದು, ಹಾಗಂತ ಒಪ್ಪಿಕೊಂಡೇ ಗುದ್ದಲಿ ಹಿಡಿಯಬೇಕು. ಕಾಯಿ ಹಣ್ಣಾಗಿ ಬೀಜ ಬಿದ್ದು, ಮೇಲಿನ ಎಲೆ ಹಳದಿಯಾದ ಮೇಲೆಯೇ ಅಗೆಯಿರಿ, ಬೇರಿನಲ್ಲಿ ಸತ್ವ ಇರುವುದೂ ಆಗಲೇ. ಅಮೆರಿಕದ ಕಾಡಿನಲ್ಲಿ ಬೆಳೆಯುವ ಮದ್ದಿನ ಬೇರು ಜಿನ್‌ಸೆಂಗ್‌ಗೆ ಐದು ವರ್ಷವಾದರೂ ಆಗಿರಬೇಕು ಅನ್ನುವ ನಿಯಮವಿದೆ, ಕೆಂಪು ಹಣ್ಣನ್ನು ಕಿತ್ತ ಜಾಗದಲ್ಲೇ ಹೂಳಿ ಬರಬೇಕು ಅಂತ ಅಲ್ಲಿನ ಹಲವು ರಾಜ್ಯಗಳ ಕಾನೂನೇ ಹೇಳುತ್ತದೆ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಡೆವಿಲ್ಸ್ ಕ್ಲಾ ಅನ್ನುವ ಮದ್ದಿನ ಗೆಡ್ಡೆ ಅಗೆಯುವವರಲ್ಲಿ ಕೆಲಸ ಬಲ್ಲವರು ನಡುವಿನ ತಾಯಿಬೇರು ಮುಟ್ಟುವುದಿಲ್ಲ, ಪಕ್ಕಕ್ಕೆ ಹರಡಿದ ಗೆಡ್ಡೆಗಳನ್ನಷ್ಟೇ ಕತ್ತರಿಸಿ ಗುಂಡಿ ಮುಚ್ಚುತ್ತಾರೆ. ಶತಾವರಿಗೂ ಇದೇ ಉಪಾಯ ಸರಿಹೋಗುತ್ತದೆ: ಒಂದು ಬದಿಯಿಂದ ಅಗೆದು ಹೊರಗಿನ ಗೆಡ್ಡೆ ತೆಗೆದುಕೊಂಡು, ಬುಡ ಮತ್ತು ಒಳಗಿನ ಗೆಡ್ಡೆ ಬಿಟ್ಟು, ಮಣ್ಣು ಒತ್ತಿ, ಮೇಲೆ ತರಗೆಲೆ ಹರಡಿ. ಸರ್ಪಗಂಧಕ್ಕೆ ಮಾತ್ರ ಯಾವ ಉಪಾಯವನ್ನೂ ಹೇಳುವುದಿಲ್ಲ. 1952ರಲ್ಲಿ ಅದರ ಬೇರಿನಿಂದ ರಕ್ತದೊತ್ತಡದ ಔಷಧ ರಿಸರ್ಪಿನ್ ಬೇರ್ಪಡಿಸಿದ ಮೇಲೆ ಬಂದ ಬೇಡಿಕೆಗೆ ಕಾಡು ತಡೆಯಲಿಲ್ಲ, 1990ರಿಂದ ಅದೂ ಸೈಟಿಸ್ ಪಟ್ಟಿಯಲ್ಲಿದೆ. ಕಂಡರೆ ನೋಡಿ ಸಂತೋಷಪಡಿ.

ಕಾಯಿ, ಹಣ್ಣು ಆದರೆ ಕೊಂಬೆ ಕಡಿದು ಕೆಳಗೆ ಬೀಳಿಸಿಕೊಳ್ಳಬೇಡಿ. ಮರದ ತುದಿಯದು ಹಕ್ಕಿಗಿರಲಿ, ನೆಲಕ್ಕೆ ಬಿದ್ದದ್ದರಲ್ಲಿ ಸ್ವಲ್ಪ ಜಿಂಕೆಗಿರಲಿ. ಬೀಜ ದೂರ ಹೋಗಬೇಕಾದದ್ದು ಅವುಗಳ ಹೊಟ್ಟೆಯಲ್ಲೇ.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ. ಖಾಸಗಿ ಜಾಗವಾದರೆ ಯಜಮಾನರನ್ನು ಕೇಳಿ. ರಸ್ತೆ ಪಕ್ಕ, ಚರಂಡಿ, ಕಾರ್ಖಾನೆಯ ನೀರು ಹರಿಯುವ ಕಡೆ, ಔಷಧಿ ಹೊಡೆದ ಹೊಲದ ಬದು, ಇವೆಲ್ಲ ಬೇಡ. ಒಂದೆಲಗ ಬೆಳೆಯುವುದೇ ಒದ್ದೆ ಜಾಗದಲ್ಲಿ, ಅಲ್ಲಿನ ಸೀಸ, ಕ್ಯಾಡ್ಮಿಯಂನಂಥ ಲೋಹವನ್ನೂ ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ತೊಳೆದರೆ ಹೋಗುವ ಕೊಳೆ ಅಲ್ಲ ಅದು.

ಕಿತ್ತದ್ದು ಕೊಳೆತು ಹೋದರೆ ಇಷ್ಟೆಲ್ಲ ಜಾಗ್ರತೆ ದಂಡ. ಇಬ್ಬನಿ ಆರಿದ ಮೇಲೆ ಕೀಳಿ, ಪ್ಲಾಸ್ಟಿಕ್ ಚೀಲ ಬೇಡ, ಬುಟ್ಟಿ ಅಥವಾ ಬಟ್ಟೆ ಚೀಲ ಸಾಕು. ಎಲೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ತೆಳುವಾಗಿ ಹರಡಿ. ಬೇರನ್ನು ತೊಳೆದು ಹಸಿಯಿರುವಾಗಲೇ ಸೀಳಿ, ಒಣಗಿದ ಮೇಲೆ ಕತ್ತಿ ಇಳಿಯುವುದಿಲ್ಲ. ಎಲೆ ಹಿಸುಕಿದರೆ ಪುಡಿಯಾಗಬೇಕು, ಬೇರು ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಹೆಸರು, ಕಿತ್ತ ಜಾಗ, ತಿಂಗಳು ಬರೆದ ಚೀಟಿ ಡಬ್ಬಿಯೊಳಗೇ ಹಾಕಿ. ವರ್ಷದ ಕೊನೆಗೆ ಡಬ್ಬಿಯಲ್ಲಿ ಉಳಿದದ್ದು ನೋಡಿ, ಮುಂದಿನ ಸಲ ಅಷ್ಟು ಕಡಿಮೆ ಕೀಳಿ.

ಪದೇಪದೇ ಬೇಕಾಗುವ ಗಿಡವನ್ನು ಮನೆ ಹತ್ತಿರ ತಂದುಬಿಡುವುದು ಸುಲಭ. ಅಮೃತಬಳ್ಳಿಯ ಗೇಣುದ್ದದ ಬಲಿತ ಕಾಂಡ ಬುಡಮೇಲಾಗದ ಹಾಗೆ ನೆಟ್ಟರೆ ಚಿಗುರುತ್ತದೆ, ಒಂದೆಲಗದ ಒಂದು ಗೆಣ್ಣು ಸಾಕು, ಆಡುಸೋಗೆ ಬೇಲಿಗೇ ಆಗುತ್ತದೆ. ಕಾಡಿಗೇ ಹೋಗಬೇಕಾದ್ದಕ್ಕೆ ಮಾತ್ರ ಕಾಡಿಗೆ ಹೋಗಿ. ಹೋದಾಗ, ಹಿಂದೆ ಕಿತ್ತ ಜಾಗದಲ್ಲಿ ಹತ್ತು ಹೆಜ್ಜೆ ಅಗಲದಲ್ಲಿ ಗಿಡ ಎಣಿಸಿ, ದೊಡ್ಡದು ಬೇರೆ, ಸಸಿ ಬೇರೆ. ದೊಡ್ಡ ಗಿಡಗಳಿದ್ದು ಸಸಿ ಒಂದೂ ಇಲ್ಲದಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಆ ವರ್ಷ ಅಲ್ಲಿಂದ ಏನೂ ಕೀಳದೆ, ನಿಮಗೆ ಆ ಜಾಗ ತೋರಿಸಿದ ಹಿರಿಯರನ್ನು ಕರೆದುಕೊಂಡು ಬಂದು ತೋರಿಸಿ, ಏನಾಗಿರಬಹುದು ಅಂತ ಕೇಳಿ.